ಕೆಟ್ಟ ಕಾರ್ಡು ಪಾಸಾದ ದಿನಗಳು

ಫೆಬ್ರವರಿ 9, 2026. ಸಿಂಧನೂರು

ಇವತ್ತೂ ಅದೇ. ಅಕ್ಕಿ ಗಿರಣಿಯಲ್ಲಿ ಕಾಳು ಆರಿಸುವ ಸಾರ್ಟರ್ ಯಂತ್ರದ ಸರ್ಕ್ಯೂಟ್ ಕಾರ್ಡುಗಳ ರಿಪೇರಿ. ಕಾರ್ಡಿಗೆ ಕರೆಂಟ್ ಕೊಟ್ಟು, ನನಗೆ ಕೆಲಸ ಕಲಿಸುವ ಜಿಲಾನಿಸಾಬ್ ಉಸ್ತಾದ್ ಎದುರಿನ ಹೋಟೆಲಿಗೆ ಹೋದರು. ಚಹಾ ಕುಡಿದು ಬಂದು ಮೀಟರ್ ಹಿಡಿದರು. ಕಾರ್ಡಿಗೊಂದು ಚಹಾ! ದುಡಿಯುವ ಜನರ ಹೊತ್ತು ಹೀಗೆ ಪೋಲಾದರೆ... ಇರಲಿ.

ಅಟ್ಲಾಸ್ ಪುಸ್ತಿಕೆ ಮತ್ತೆ ಓದಿದೆ. ಅಟ್ಲಾಸ್ — ವಿಮಾನದ ಉಪಕರಣ ಪರೀಕ್ಷಿಸಲು ವಿಮಾನ ಕಂಪನಿಗಳು ಕಟ್ಟಿಕೊಂಡ ಭಾಷೆ. ಇಷ್ಟು ವೋಲ್ಟ್ ಕೊಡು, ಇಷ್ಟು ಬರುತ್ತದೆಯೇ ಅಳೆ. ಪರೀಕ್ಷಿಸುವ ಯಂತ್ರ ಯಾವ ಕಂಪನಿಯದು ಎಂಬ ಮಾತೇ ಇಲ್ಲ. ಒಮ್ಮೆ ಬರೆದರೆ ಎಲ್ಲ ಕಡೆ ಓಡಬೇಕು. ಜ್ಞಾನವೇನು ಒಬ್ಬರ ಮೇಜಿಗೆ ಕಟ್ಟಿದ ಎಮ್ಮೆಯೇ? ಅದೇ ರೀತಿ ಕನ್ನಡದಲ್ಲಿ ಕಾರ್ಡು ಪರೀಕ್ಷೆಯ ಹಾಳೆ ಬರೆದೆ, ಅದನ್ನು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಮನ್ನೂ. ಮಸ್ಕಿ, ಲಿಂಗಸುಗೂರಿನ ರಿಪೇರಿ ಅಂಗಡಿಗಳ ಕಂಪ್ಯೂಟರು ಬೇರೆ ಬೇರೆ. ಅವು ಈ ಹಾಳೆ ಓದಿ ತಾವೇ ಪರೀಕ್ಷೆ ನಡೆಸಬೇಕು.

ಉಸ್ತಾದ್ ನಕ್ಕರು. “ಪಂಪಾವತಿ, ಒಂದು ಕೆಟ್ಟ ಕಾರ್ಡ್ ಕೊಡ್ತೀನಿ. ನಿನ್ನ ಹಾಳಿ ಎರಡೂ ಊರಾಗ ಅದನ್ನ ಫೇಲ್ ಮಾಡ್ತಂದ್ರ, ನನ್ನ ಮೂವತ್ತು ವರ್ಷದ ವಿದ್ಯಾ ಪೂರಾ ಬರಸ್ತೀನಿ. ಇಲ್ಲಾಂದ್ರ ಕಿತಾಬ್ ಮುಚ್ಚು.”

ಫೆ. 13. ಮಸ್ಕಿ

ಮಲ್ಲೇಶನ ಅಂಗಡಿ. ಕೆಟ್ಟ ಕಾರ್ಡು ಪಾಸ್. ಮೂರು ಸಲ ಪಾಸ್.

“ನಿನ್ನ ಭಾಷಾ ಭಾಳ ದಯಾವಂತ ಐತಿ ಬಿಡವ್ವಾ. ಯಾರನ್ನೂ ಫೇಲ್ ಮಾಡಂಗಿಲ್ಲ,” ಅಂದ ಮಲ್ಲೇಶ.

ಬಸ್ಸಿನಲ್ಲಿ ಅಳಲಿಲ್ಲ. ಅಳು ಬಂದಿತ್ತು.

ಫೆ. 21. ಸಿಂಧನೂರು

ಎಂಟು ದಿನ ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ಸಿಡಿದುಹೋಗುತ್ತೇನೆ!

ರಂಜಾನ್ ಶುರುವಾಗಿದೆ. ಮಸ್ಕಿಯಲ್ಲಿ ಹೇಗೆ ಪಾಸಾಯಿತು ನೋಡೋಣವೆಂದು ಉಸ್ತಾದ್ ಆ ಕಾರ್ಡಿಗೆ ಕರೆಂಟ್ ಕೊಟ್ಟರು, ಕೂಡಲೇ ಮೀಟರ್ ಹಿಡಿದರು. ಪಾಸ್. ನಮ್ಮ ಮೇಜಿನ ಮೇಲೂ!

“ಪ್ರತಿ ರಂಜಾನದಾಗ ಹಿಂಗಽ ಬೇಟಿ. ನಾ ಪಾಸ್ ಅಂದ ಕಾರ್ಡ್ ಗಿರಣಿಯಿಂದ ವಾಪಸ್ ಬರ್ತಾವ. ಉಪವಾಸದಾಗ ಕಣ್ಣು ಮೋಸ ಮಾಡ್ತಾವ. ಈ ತಿಂಗಳ ಕೆಲಸಾನಽ ಬಿಡಬೇಕಂತ ಮಾಡೀನಿ.”

ಆಗ ಹೊಳೆಯಿತು. ಚಹಾ! ಉಸ್ತಾದ್ ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡು ಬಿಸಿಯಾಗುತ್ತಿತ್ತು. ಬಿಸಿಯಾದಾಗಲೇ ಅದರ ರೋಗ ಕಾಣುವುದು. ರಸ್ತೆ ದಾಟಿ ಓಡಿದೆ. ಉಸ್ತಾದ್ ಎಷ್ಟು ಹೊತ್ತು ಕೂಡ್ತಾರೆಂದು ಹೋಟೆಲಿನ ಅಂಬಪ್ಪನನ್ನು ಕೇಳಿದೆ.

“ಏಳೆಂಟು ನಿಮಿಷ. ಪೇಪರ್ ಸಿಕ್ರ ಹತ್ತು.”

ಕಾರ್ಡಿಗೆ ಕರೆಂಟ್ ಕೊಟ್ಟು, ಹತ್ತು ನಿಮಿಷ ಬಿಟ್ಟು ಮೀಟರ್ ಹಿಡಿಸಿದೆ. ಫೇಲ್!!

“ನಿಮ್ಮ ಕಣ್ಣು ನೆಟ್ಟಗ ಅದಾವ್ರೀ ಉಸ್ತಾದ್. ಚಹಾ ಇದ್ದಿಲ್ಲ, ಅಷ್ಟ.”

ಉಸ್ತಾದ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಜೋರಾಗಿ ನಕ್ಕರು. “ಮೂವತ್ತು ವರ್ಷ ಆ ಅಂಬಪ್ಪ ನನ್ನ ಅಸಿಸ್ಟೆಂಟ್ ಇದ್ದ ನೋಡು. ಪಗಾರಽ ಕೊಟ್ಟಿಲ್ಲ!”

ಆ ಚಹಾದ ಹೊತ್ತನ್ನು ಪೋಲು ಅಂದಿದ್ದೆನಲ್ಲ... ನಾಚಿಕೆ. ಹಾಳೆಗೆ ಒಂದು ಸಾಲು ಸೇರಿಸಿದೆ: ಹತ್ತು ನಿಮಿಷ ಕಾಯಿ.

ಫೆ. 25, ಮಧ್ಯಾಹ್ನ 12:40. ಲಿಂಗಸುಗೂರು

ಉಸ್ತಾದರೂ ಬಂದಿದ್ದಾರೆ. ದಾರಿಯಲ್ಲಿ ಮಸ್ಕಿಗೆ ಇಳಿದೆವು — ಅದೇ ಕಾರ್ಡು ಫೇಲ್. ಮಲ್ಲೇಶ ಕೈಮುಗಿದ. ಇಲ್ಲಿ ಶಿವಕುಮಾರಿ ಅಕ್ಕನ ಅಂಗಡಿಯ ಕಂಪ್ಯೂಟರಿಗೆ ಹಾಳೆ ಕೊಟ್ಟೆ.

“ಏನಬೇ, ಸುಮ್ಮ ನಿಂತೈತಲ್ಲ. ನನ್ನ ಮಷೀನ್ ಕೆಡಿಸಿದೇನು?” ಅಂದಳು ಅಕ್ಕ.

“ಕಾಯಾಕತ್ತೈತ್ರೀ ಅಕ್ಕಾ.”

ಹತ್ತು ನಿಮಿಷ. ಕೆಂಪು ದೀಪ. ಫೇಲ್! ಈ ಪದಕ್ಕೆ ಹೀಗೆ ಕುಣಿದವಳು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಉಸ್ತಾದ್ ಕುರ್ಚಿ ಎಳೆದುಕೊಂಡು ಕೂತರು. “ಬರ್ಕೋ. ಜಲ್ದಿ. ಮೂವತ್ತು ವರ್ಷ ಅದಾವ.”

ಬೇರೆ ಕಾಗದವಿಲ್ಲ. ಇಲ್ಲೇ ಬರೆಯುವೆ —

ಪಂಪ್ ಪ್ಯಾನೆಲ್ ಕಾರ್ಡು. ಒಂದು: ಹನ್ನೆರಡು ವೋಲ್ಟ್ ಕೊಡು. ಎರಡು: ಹತ್ತು ನಿಮಿಷ ಕಾಯಿ. ಮೂರು: