ಬಲಿಪೀಠದ ಬಟ್ಟೆಯ ಕಲೆ

ಪೂಜ್ಯ ಫಾದರ್ ಅವರಿಗೆ, ಚರ್ಚಿನ ಹಿಂದಿನ ಇಸ್ತ್ರಿ ಅಂಗಡಿಯವನ ನಮಸ್ಕಾರ.

ಜ್ವರ ಬಿಟ್ಟಿದೆ. ಈ ಶನಿವಾರದಿಂದ ಬಲಿಪೀಠದ ಬಟ್ಟೆಯನ್ನು ಎಂದಿನಂತೆ ನಾನೇ ಇಸ್ತ್ರಿ ಮಾಡಿ ಹಾಸುತ್ತೇನೆ.

ಹೋದ ವಾರ ನನ್ನ ಬದಲು ಬಂದ ಹೆಂಡತಿ, ನಾನು ಮಡಿಸಿಟ್ಟಿದ್ದ ಬಟ್ಟೆ ಬಿಡಿಸಿ, ಅಂಗೈಯಗಲದ ಸುಟ್ಟ ಕಲೆ ಕಂಡು ಗಾಬರಿಯಾದಳಂತೆ. ನೀವು ಮಾತ್ರ, "ಮೇಣದಬತ್ತಿ ಸ್ಟ್ಯಾಂಡನ್ನು ಅದರ ಮೇಲಿಡಮ್ಮ, ನಾಲ್ಕು ವರ್ಷದಿಂದ ಅದರ ಜಾಗ ಅದೇ" ಅಂದಿರಂತೆ.

ನಿಮಗೆ ಗೊತ್ತಿಲ್ಲ ಅಂದುಕೊಂಡೇ ನಾಲ್ಕು ವರ್ಷ ಸ್ಟ್ಯಾಂಡನ್ನು ನಡುವಿನಿಂದ ಎಡಕ್ಕೆ ಸರಿಸಿಡುತ್ತಿದ್ದೆ. ಬಟ್ಟೆ ಸುಟ್ಟ ದಿನ ನಾನು ಕುಡಿದಿದ್ದೆ. ಇನ್ನು ಮುಟ್ಟಲ್ಲ ಅಂತ ಅದೇ ಬಲಿಪೀಠದ ಮುಂದೆ ಮಾತು ಕೊಟ್ಟು ಒಂಬತ್ತು ದಿನವೂ ಆಗಿರಲಿಲ್ಲ. ಆಮೇಲೂ ಎರಡು ಸಲ ಜಾರಿದ್ದೇನೆ. ನಾವು ಮಾತು ತಪ್ಪಿದರೂ ದೇವರು ತಪ್ಪುವುದಿಲ್ಲ ಅಂತ ನೀವು ಹೇಳಿದಾಗೆಲ್ಲ, ಇದು ಮುಂದಿನ ಬೆಂಚಿನವರಿಗೆ ಹೇಳಿದ್ದು ಅಂದುಕೊಂಡು ಹಿಂದೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಆದರೂ ಚರ್ಚಿನ ಬೀಗದ ಕೈ ವಾಪಸ್ ಕೊಡು ಅಂತ ನೀವು ಒಂದು ದಿನವೂ ಕೇಳಲಿಲ್ಲ.

ಹೆಂಡತಿಗೆ ಎಲ್ಲ ಹೇಳಿದ್ದೇನೆ. ಮಾತು ಬಿಟ್ಟಿದ್ದಾಳೆ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ.

ಒಂದೇ ಕೋರಿಕೆ. ಹೊಸ ಬಟ್ಟೆ ತರಿಸಬೇಡಿ. ಈ ಭಾನುವಾರ ಸ್ಟ್ಯಾಂಡು ನಡುವೆಯೇ ಇರುತ್ತದೆ, ಕಲೆ ಎಲ್ಲರಿಗೂ ಕಾಣುತ್ತದೆ. ಯಾರಾದರೂ ಕೇಳಿದರೆ ನನ್ನನ್ನು ತೋರಿಸಿ. ದಯವಿಟ್ಟು ಸ್ಟ್ಯಾಂಡನ್ನು ಮಾತ್ರ ಸರಿಸಬೇಡಿ.

ಇತಿ,
ಬೀಗದ ಕೈ ಇನ್ನೂ ಇಟ್ಟುಕೊಂಡಿರುವ
ನಿಮ್ಮ ಇಸ್ತ್ರಿಯವನು