ಅಮ್ಮಣ್ಣಿಯ ನೀರಿನ ಬಟ್ಟಲು

ಗುರುವಾರ, ಮಧ್ಯಾಹ್ನ

ರೀ,

ನೀವು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ನಿಮ್ಮ ಜೇಡ ಈ ಮನೆಯಲ್ಲಿರುವ ತನಕ ಚೆನ್ನಾಗಿರುವುದೂ ಇಲ್ಲ.

ಅದಿರಬೇಕು ಇಲ್ಲ ನಾನಿರಬೇಕು ಅಂತ ನಾನು ಹೇಳಿದ್ದು ನಿಜ. ನೀವು ಅದನ್ನು ಗಾಜಿನ ಪೆಟ್ಟಿಗೆ ಸಮೇತ ಎತ್ತಿಕೊಂಡು ನಿಮ್ಮ ಅಕ್ಕನ ಮನೆಗೆ ಹೋದಿರಿ. ಅವರು ಬಾಗಿಲಲ್ಲೇ ನಿಂತು ತಮ್ಮ ಬರಲಿ, ಹುಳ ಬೇಡ ಅಂದರಂತೆ. ವಾಪಸ್ ತಂದು ನನ್ನ ಹೊಲಿಗೆ ಮಷಿನ್ನಿನ ಪಕ್ಕದಲ್ಲಿಟ್ಟು, ಅದು ಸಾಧು, ಒಂದು ತಿಂಗಳು ತಿನ್ನದಿದ್ದರೂ ಏನೂ ಆಗುವುದಿಲ್ಲ, ಬಟ್ಟಲಿಗೆ ನೀರು ಹಾಕಿದರೆ ಸಾಕು ಅಂತ ಹೇಳಿ ನೀವೊಬ್ಬರೇ ಅಕ್ಕನ ಮನೆಗೆ ಹೊರಟೇ ಹೋದಿರಿ. ಬಿಟ್ಟು ಹೋದದ್ದು ಹೆಂಡತಿಯನ್ನು, ಹೇಳಿ ಹೋದದ್ದು ಜೇಡದ ವಿಷಯ.

ಸಾಧುವಂತೆ. ಅಂಗೈಯಗಲ ಇದೆ, ಮೈತುಂಬ ಕಂದು ಕೂದಲು. ದಿನವೆಲ್ಲ ಮಣ್ಣಿನ ಮೇಲೆ ಕೂತಿದ್ದು, ಆಗೊಮ್ಮೆ ಈಗೊಮ್ಮೆ ಒಂದೇ ಒಂದು ಕಾಲೆತ್ತಿ ಇಡುತ್ತದೆ. ಆಗೆಲ್ಲ ನಾನು ಮಷಿನ್ ನಿಲ್ಲಿಸಿ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಜಿರಳೆ ಕಂಡರೆ ಪೊರಕೆ ಹಿಡಿಯುವ ಮನೆಯಲ್ಲಿ, ಅದರ ಊಟಕ್ಕೆ ಅಂತ ಡಬ್ಬದ ತುಂಬ ಜಿರಳೆ ಸಾಕಿದ್ದೀರಿ. ಆ ಪರಪರ ಸದ್ದು ಕೇಳಿಸಿಕೊಂಡೇ ನಾನು ಕಾಜಾ ಹೊಲಿಯಬೇಕು. ಕೋಟಿಗೆ ಅಳತೆ ಕೊಡಲು ಬಂದ ವಕೀಲರು ಒಂದು ತೋಳು ಅಳೆಯುವಷ್ಟರಲ್ಲಿ ಅದನ್ನು ನೋಡಿ ಎದ್ದು ಹೋದರು. ಇನ್ನೊಂದು ತೋಳಿಗೆ ಬರಲೇ ಇಲ್ಲ.

ಅದಕ್ಕೆ ಅಮ್ಮಣ್ಣಿ ಅಂತ ಹೆಸರು ಬೇರೆ. ಹನ್ನೊಂದು ವರ್ಷದಲ್ಲಿ ನನ್ನನ್ನು ‘ಇವಳೇ’ ಅನ್ನುವುದು ಬಿಟ್ಟು ಬೇರೇನೂ ಕರೆದವರಲ್ಲ ನೀವು. ಜೇಡದ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಈಗ ನಡೆದದ್ದು ಕೇಳಿ. ಈಚೆಗೆ ಕೆಲಸ ಜಾಸ್ತಿಯಿತ್ತು, ನೀರು ಹಾಕುವುದು ಮರೆತುಹೋಯಿತು. ಮಂಗಳವಾರ ಬೆಳಿಗ್ಗೆ ನೋಡಿದರೆ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು. ಪೀಡೆ ತೊಲಗಿತು ಅಂದುಕೊಂಡೆ. ಬಿಸಾಡಲು ಕಸದ ಮೊರ ತಂದೆ, ಎತ್ತಲು ಕೈ ಬರಲಿಲ್ಲ. ಅಸಹ್ಯಕ್ಕೆ ಅಂತಲೇ ಅಂದುಕೊಳ್ಳಿ. ನಿಮಗೆ ಏನಂತ ಬರೆಯಲಿ ಅಂತ ಯೋಚಿಸುತ್ತ ಅಲ್ಲೇ ಕೂತೆ. ಮಧ್ಯಾಹ್ನ ನೋಡಿದರೆ ಒಳಗೆ ಎರಡು ಜೇಡ. ಒಂದಕ್ಕೇ ಸಾಕಾಗಿತ್ತು. ನೀವು ಅದನ್ನು ತಂದ ಅಂಗಡಿಗೆ ಫೋನ್ ಮಾಡಿದರೆ ಅಂಗಡಿಯವನು ನಕ್ಕ. ಸತ್ತಿಲ್ಲವಂತೆ, ಪೊರೆ ಬಿಟ್ಟಿದೆಯಂತೆ. ಆಗ ಅಂಗಾತ ಮಲಗುವುದೇ ಅದರ ರೂಢಿಯಂತೆ. ಇನ್ನೊಂದು ಬರೀ ಹಳೆಯ ಚರ್ಮ. ಬೆಳಿಗ್ಗೆಯೇ ಎತ್ತಿ ಬಿಸಾಡಿದ್ದರೆ ಜೀವಂತ ಬಿಸಾಡಿದ ಹಾಗಾಗುತ್ತಿತ್ತು.

ಅದರ ಮೈ ಈಗ ಮೆತ್ತಗಿದೆ, ಎರಡು ವಾರ ಜಾಗ ಬದಲಿಸಬಾರದಂತೆ. ಹಾಗಾಗಿ ಬಂದು ತೆಗೆದುಕೊಂಡು ಹೋಗಿ ಅಂತ ಹೇಳುವ ಹಾಗೂ ಇಲ್ಲ. ಸಾಕಿದವರೇ ಇಲ್ಲಿಗೆ ಬಂದು ಇರಬೇಕು.

ಇಂತಿ,
ನಿಮ್ಮ ‘ಇವಳೇ’

ತಾ.ಕ.: ನೀರು ಹಾಕಲು ಮರೆತೆ ಅಂದದ್ದು ಸುಳ್ಳು. ಹನ್ನೆರಡು ದಿನ ಬೇಕೆಂದೇ ಹಾಕಲಿಲ್ಲ. ಬಟ್ಟಲು ಒಣಗಿದ್ದನ್ನು ದಿನಾ ನೋಡುತ್ತಿದ್ದೆ. ಅದು ಸತ್ತರೆ ನೀವು ಬರುತ್ತೀರಿ ಅನ್ನಿಸಿತ್ತು. ಈಗ ಅದಕ್ಕಿಂತ ನನ್ನ ಮೇಲೇ ನನಗೆ ಹೇಸಿಗೆ. ಭಾನುವಾರ ನಿಮಗೆ ಬಸ್ಸಿನ ಡ್ಯೂಟಿ ಇಲ್ಲ, ಗೊತ್ತು. ಇದನ್ನು ಓದಿಯೂ ಮನಸ್ಸಿದ್ದರೆ ಬನ್ನಿ. ಮಂಗಳವಾರದಿಂದ ನೀರು ದಿನಾ ಹಾಕುತ್ತಿದ್ದೇನೆ. ಜಿರಳೆ ಮಾತ್ರ ನನ್ನ ಕೈಲಾಗುವುದಿಲ್ಲ.