ದುರ್ಯೋಧನನ ಎಡಪಾದ

ತರೀಕೆರೆ ಆಸ್ಪತ್ರೆ
12-3-1979

ಚಿ. ಮಲ್ಲಿಕಾಂಬಳಿಗೆ ಅಪ್ಪನ ಆಶೀರ್ವಾದ.

ಕೇಳು ಮಗಳೇ! ಶಿವರಾತ್ರಿ ನಾಟಕದಲ್ಲಿ ಪಾದಕ್ಕೆ ಮೊಳೆ ಹೊಕ್ಕಿದ್ದು ನನಗೆ ತಿಳಿಯಲೇ ಇಲ್ಲ. ರಕ್ತವನ್ನು ಬಣ್ಣವೆಂದುಕೊಂಡು ಜನ ‘ಒನ್ಸ್ ಮೋರ್’ ಕೂಗಿದರು. ನಿನ್ನಪ್ಪ ದುರ್ಯೋಧನನಾಗಿ ಇನ್ನೊಮ್ಮೆ ಸತ್ತ!

ಆ ಪಾದವನ್ನು ಡಾಕ್ಟರು ‘ಇನ್ಸೆನ್ಸೇಟ್’ ಅಂದರು. ಆ ಮಾತೇನೆಂದು ನಾನು ಕೇಳಿದ್ದಕ್ಕೆ ನೀನು ಬರೆದು ಕಳಿಸಿದ ಅರ್ಥಗಳನ್ನು ವಾರ್ಡಿಗೆಲ್ಲ ಕೇಳುವಂತೆ ಓದಿದೆ: ಸ್ಪರ್ಶವಿಲ್ಲದ್ದು, ವಿವೇಕವಿಲ್ಲದ್ದು, ಕರುಣೆಯಿಲ್ಲದ್ದು; ಇದರ ಮೂಲ ‘ಅರಿವು’ ಎಂಬರ್ಥದ ಲ್ಯಾಟಿನ್ ಮಾತು.

“ಯಾರ್ರೀ ಇಷ್ಟೆಲ್ಲ ಬರ್ದಿರೋದು?” ಅಂದರು ಡಾಕ್ಟರು.

“ನನ್ ಮಗಳು ಕಣ್ರೀ!” ಎಂದು ಗುಡುಗಿದೆ.

ಗಾಯ ಕೊಳೆತಿದೆಯಂತೆ, ಗುರುವಾರ ಪಾದ ತೆಗೆಯುತ್ತಾರೆ. ಪರೀಕ್ಷೆ ಬಿಟ್ಟು ಬರಬೇಡ. ಮುಗಿಸಿ ಬರುವಾಗ ಶಿವಮೊಗ್ಗದಿಂದ ಬಿಳಿ ಗಡ್ಡವೊಂದನ್ನು ತಾ. ಮುಂದಿನ ವರ್ಷ ಧೃತರಾಷ್ಟ್ರ ನಾನೇ, ಸಿಂಹಾಸನದಿಂದ ಏಳಬೇಕಾಗಿಲ್ಲ.

ಇತಿ,
ಪಾದವೊಂದನ್ನು ಬಿಟ್ಟು ಮೈಯೆಲ್ಲ ಅರಿವಿರುವ ನಿನ್ನಪ್ಪ,
ತೀರ್ಥಪ್ಪ